ಹನಿ ಬೀಳದ ಕಾರು

ಪುಂಡರೀಕಾಕ್ಷ ರಾಯರ ಕಾರಿನೊಳಗೆ ನೀರು ಬಂದದ್ದು ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ. ಮಳೆಗಾಲದಲ್ಲಿ ಬಂದಿದ್ದರೆ ಮಳೆಯನ್ನು ಬೈದು ಸುಮ್ಮನಾಗಬಹುದಿತ್ತು. ಬೇಸಿಗೆಯಲ್ಲಿ ಬೈಯಲು ಯಾರಾದರೂ ಬೇಕಲ್ಲ, ರಾಯರು ಹೆಂಡತಿಯನ್ನು ಬೈದರು.

ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾಯರದ್ದು ಸಣ್ಣದೊಂದು ಶಾಕಾಹಾರಿ ಹೋಟೆಲು. ಒಳಗೆ ಅಡುಗೆಯ ಮೇಲ್ವಿಚಾರಣೆ ಅವರದ್ದು, ಹೊರಗೆ ಗಲ್ಲಾದಲ್ಲಿ ಹೆಂಡತಿ ಪ್ರಭಾ. ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಆ ಭಾನುವಾರ ಪ್ರಭಾ ಅವರ ತಮ್ಮ ಕಶ್ಯಪನ ಮಗನಿಗೆ ಸೀವುಡ್ಸ್‌ನಲ್ಲಿ ಉಪನಯನವಿತ್ತು. ಪ್ರಭಾ ಕೆಂಪಂಚಿನ ಹಸಿರು ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಶಿಳ್‌ಫಾಟಾ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ಮುಕ್ಕಾಲು ಗಂಟೆ ನಿಂತಿತು. ರಾಯರು ಎಸಿಯನ್ನು ಪೂರ್ತಿ ತಿರುಗಿಸಿದರು.

"ಕಾಲಡಿ ಒದ್ದೆ ಆಗ್ತಾ ಉಂಟು, ಮಾರಾಯ್ರೆ."

"ಎಸಿ ತಂಪಿಗೆ ಹಾಗೆ ಅನ್ಸುದು."

"ತಂಪು ಬೇರೆ, ಒದ್ದೆ ಬೇರೆ. ನನ್ನ ಕಾಲಿಗೆ ಅಷ್ಟೂ ಗೊತ್ತಾಗುದಿಲ್ವಾ?"

ಸೀವುಡ್ಸ್‌ನಲ್ಲಿ ಇಳಿದು ನೋಡಿದರೆ ಸೀರೆಯ ಅಂಚು ನಾಲ್ಕು ಬೆರಳಗಲ ನೆನೆದು, ಕಾಲಡಿಯ ಮ್ಯಾಟಿನ ಕರಿ ಬಣ್ಣ ಜರಿಗೆ ಹತ್ತಿತ್ತು. ಬಾಗಿಲಲ್ಲೇ ಎದುರಾದ ಕಶ್ಯಪನ ಹೆಂಡತಿ ಅಪರ್ಣಾ, "ಎಂತ ಅತ್ತಿಗೆ, ಖಾಡಿಯ ನೀರಲ್ಲೇ ನಡ್ಕೊಂಡು ಬಂದ್ರಾ?" ಎಂದು ನಕ್ಕಳು. ಪ್ರಭಾ ಬಾಯಿ ತೆರೆಯುವ ಮೊದಲೇ ರಾಯರು, "ನೀರಿನ ಬಾಟ್ಲಿ ಮುಚ್ಚಳ ಸಡಿಲ ಬಿಟ್ಟಿದ್ದಾಳೆ ಕಾಣ್ತದೆ. ಇವಳು ಹಾಗೇ" ಎಂದುಬಿಟ್ಟರು.

ಮುಚ್ಚಳದ ಮಾತು ಹೇಗಾದರೂ ಆಗಲಿ, "ಇವಳು ಹಾಗೇ" ಎಂಬ ಮಾತು ಪ್ರಭಾ ಅವರಿಗೆ ನಾಟಿತು. ಮೂವತ್ತೊಂದು ವರ್ಷ ಸಂಸಾರದಲ್ಲಿ ಉಪ್ಪಿನಕಾಯಿ ಭರಣಿಯಿಂದ ಹಿಡಿದು ಗ್ಯಾಸಿನ ಗುಬಟಿಯವರೆಗೆ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡಿ ಮಲಗಿದವರು ಅವರು. ತವರಿನವರ ಎದುರು ಎಂದಿನಂತೆ ಊಟ ಮಾಡಿದರು, ವಟುವಿಗೆ ಆಶೀರ್ವಾದ ಮಾಡಿದರು, ಫೋಟೋಕ್ಕೆ ನಕ್ಕರು. ಹೊರಡುವಾಗ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

"ಮುಂದೆ ಬಾ," ಎಂದರು ರಾಯರು.

"ಮುಂದೆ ಬಾಟ್ಲಿ ಕೂತ್ಕೊಳ್ಳಲಿ." ಪ್ರಭಾ ಬಗ್ಗಿ ಬಾಟ್ಲಿಯನ್ನು ಮುಂದಿನ ಸೀಟಿನಲ್ಲಿಟ್ಟು, ಅದಕ್ಕೆ ಬೆಲ್ಟ್ ಕೂಡ ಹಾಕಿದರು. ಡೊಂಬಿವಲಿಯವರೆಗೆ ಮೂವರೂ ಮಾತಾಡಲಿಲ್ಲ.

ಆಮೇಲೆ ಎರಡು ವಾರ ಅದೇ ವ್ಯವಸ್ಥೆ ನಡೆಯಿತು. ಬೆಳಿಗ್ಗೆ ಹೋಟೆಲಿಗೆ ಹೋಗುವಾಗಲೂ ರಾತ್ರಿ ಮನೆಗೆ ಬರುವಾಗಲೂ ಪ್ರಭಾ ಹಿಂದಿನ ಸೀಟಿನ ಎಡಮೂಲೆಯಲ್ಲಿ, ಕೈಯಲ್ಲಿ ಪರ್ಸು ಹಿಡಿದು ದೊಡ್ಡ ಅಧಿಕಾರಿಣಿಯ ಹಾಗೆ ಕೂರುತ್ತಿದ್ದರು. ಒಂದು ದಿನ ಡೊಂಬಿವಲಿ ಸ್ಟೇಷನ್ ಹೊರಗೆ ಗಾಡಿ ನಿಧಾನ ಮಾಡಿದಾಗ ಸೂಟ್‌ಕೇಸು ಹಿಡಿದ ಒಬ್ಬಾತ ಬಾಡಿಗೆ ಟ್ಯಾಕ್ಸಿಯೆಂದು ತಿಳಿದು ಬಂದು ಕಿಟಕಿ ಬಡಿದ. "ಕಲ್ಯಾಣ್ ಚಲೋಗೆ ಕ್ಯಾ?"

ರಾಯರು ಉತ್ತರ ಹುಡುಕುವಷ್ಟರಲ್ಲಿ ಆತ ಹಿಂದೆ ಇಣುಕಿ, "ಮೇಡಂ, ಷೇರಿಂಗ್ ಮೇ ಚಲೇಗಾ?" ಬಾಡಿಗೆ ಹಂಚಿಕೊಳ್ಳೋಣವೇ ಎಂದು ಕೇಳಿದ.

"ಡ್ರೈವರ್ ಸೇ ಪೂಛೋ," ಡ್ರೈವರನ್ನೇ ಕೇಳಿ ಎಂದು ಪ್ರಭಾ ಗಂಡನತ್ತ ಬೆರಳು ಮಾಡಿದರು.

ಅಂದು ರಾಯರು ಹೋಟೆಲಿನಲ್ಲಿ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು.

ಇತ್ತ ನೀರು ನಿಲ್ಲಲಿಲ್ಲ. ಮ್ಯಾಟನ್ನು ಬಿಸಿಲಿಗೆ ಹಾಕಿದರೆ ಒಣಗುತ್ತಿತ್ತು, ಮರುದಿನ ಮತ್ತೆ ತೊಯ್ಯುತ್ತಿತ್ತು. ಪ್ರಭಾ ಬಾಟ್ಲಿಯನ್ನೇ ಕಾರಿಗೆ ತರುವುದು ಬಿಟ್ಟರು, ಆದರೂ ತೊಯ್ಯಿತು. ರಾಯರು "ಅದು ಹಳೇ ನೀರು, ಈಗ ಮೇಲೆ ಬರ್ತಾ ಉಂಟು" ಎಂದರು. ನೆನೆಹಾಕಿ ಮರೆತ ಉದ್ದಿನಬೇಳೆಯಂಥ ವಾಸನೆ ಬರತೊಡಗಿತು. ಐರೋಲಿಯಲ್ಲಿ ಕೆಲಸಕ್ಕಿರುವ ಮಗಳು ಶ್ರೀಪ್ರಿಯಾ ಒಂದು ದಿನ ಆ ಕಾರಿನಲ್ಲಿ ಕೂತು ಮೂಗು ಮುಚ್ಚಿಕೊಂಡಳು.

"ಪಪ್ಪಾ, ಕಿಸೀ ಮೆಕ್ಯಾನಿಕ್ ಕೋ ದಿಖಾ ದೋ ನಾ."

"ಹೋಟೆಲಿನ ಗ್ರೈಂಡರ್, ಫ್ರಿಜ್ಜು, ಮೋರಿ ಎಲ್ಲ ನಾನೇ ರಿಪೇರಿ ಮಾಡುದು. ಒಂದು ಬಾಟ್ಲಿ ನೀರಿಗೆ ಮೆಕ್ಯಾನಿಕ್ ಎಂತಕ್ಕೆ?"

ರಾಯರಿಗೆ ತಮ್ಮ ಕಾರಿನ ಬಗ್ಗೆಯೂ ಒಂದು ಹೆಮ್ಮೆ ಇತ್ತು. ಅವರ ಫ್ಲ್ಯಾಟಿರುವ ಸೊಸೈಟಿಯ ಪಾರ್ಕಿಂಗಿನಲ್ಲಿ ಬೇರೆಯವರ ಗಾಡಿ ಬಂದು ನಿಂತರೆ ಅಡಿಯಲ್ಲಿ ನೀರು ತೊಟ್ಟಿಕ್ಕಿ ಸಣ್ಣ ಹೊಂಡವೇ ಆಗುತ್ತಿತ್ತು. ಪಕ್ಕದ ಕುಲಕರ್ಣಿಯವರ ಗಾಡಿಯಂತೂ ಎದ್ದುಹೋದ ಎಮ್ಮೆಯ ಹಾಗೆ ಗುರುತು ಬಿಟ್ಟು ಹೋಗುತ್ತಿತ್ತು. ರಾಯರ ಗಾಡಿ ನಿಂತ ಜಾಗ ಮಾತ್ರ ಈ ಬೇಸಿಗೆಯಿಡೀ ಒಣಒಣ. "ಬಘಾ, ಏಕ್ ಥೇಂಬ್ ನಾಹೀ," ಎಂದು ಅವರು ಕುಲಕರ್ಣಿಯವರಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಒಂದು ಹನಿಯೂ ಇಲ್ಲ ನೋಡಿ! ಕುಲಕರ್ಣಿಯವರು ಪಾಪ, ತಮ್ಮದೇ ತಪ್ಪೆಂಬಂತೆ ತಲೆಯಾಡಿಸುತ್ತಿದ್ದರು.

ಮಾಪಣ್ಣನ ಮುಂದೆಯೂ ರಾಯರು ಹೀಗೇ ಕೊಚ್ಚಿಕೊಂಡರು. ಮಾಪಣ್ಣ ವಿಜಯಪುರದ ಕಡೆಯವನು. ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಹನ್ನೆರಡು ವರ್ಷದಿಂದ ಗಾಳಿ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ. ಬೆಳಗಿನ ತಿಂಡಿ ರಾಯರ ಹೋಟೆಲಿನಲ್ಲೇ. ಅಂದು ಶನಿವಾರ. ರಾಯರು ಅವನ ಮೇಜಿನ ಬಳಿ ನಿಂತು, ಹೆಂಡತಿ ಬಾಟ್ಲಿ ಚೆಲ್ಲಿದ ಕತೆ ಹೇಳಿ, "ಗಾಡಿ ಮಾತ್ರ ಭಾರೀ ಗಟ್ಟಿ. ಇಡೀ ಸೊಸೈಟಿಯಲ್ಲಿ ಅಡಿಗೆ ಹನಿ ಬೀಳದ ಗಾಡಿ ಅದೊಂದೇ" ಎಂದು ಸೇರಿಸಿದರು.

ಮಾಪಣ್ಣ ಇಡ್ಲಿ ತಟ್ಟೆಯಲ್ಲಿಟ್ಟ. "ಎಸಿ ಹಾಕಿದ್ರೂ ಬೀಳಂಗಿಲ್ಲೇನ್ರಿ?"

"ಒಂದು ಹನಿ ಇಲ್ಲ."

"ಶೇಟ್ರ, ಅದು ಬೀಳಬೇಕ್ರಿ."

"ಬೀಳ್ಬೇಕಾ?"

"ಎಸಿ ಗಾಳ್ಯಾಗಿನ ನೀರ ಹಿಂಡತೈತ್ರಿ. ಆ ನೀರ ಸಣ್ಣದೊಂದು ರಬ್ಬರ್ ಪೈಪಿನಾಗ ಕೆಳಗ ಹೋಗಬೇಕು. ಪೈಪ್ ಕಟ್ಟಿತಂದ್ರ ಅದಕ್ಕ ದಾರಿ ಎಲ್ಲೈತಿ? ಒಳಗ ಬರತೈತಿ, ಸೀದಾ ಅಕ್ಕಾರ ಕಾಲಾಗ."

ಗಲ್ಲಾದಲ್ಲಿದ್ದ ಪ್ರಭಾ ಅವರ ಕೈ ನಿಂತಿತು. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಗಂಡನ ಮುಖವನ್ನು ಚೆನ್ನಾಗಿ ನೋಡಿದರು. ರಾಯರಿಗೆ ಥಟ್ಟನೆ ಒಳಗೆ ಏನೋ ಸೀದ ವಾಸನೆ ಬಂದಂತಾಗಿ ಅಡುಗೆಮನೆಗೆ ನಡೆದರು. ಏನೂ ಸೀದಿರಲಿಲ್ಲ.

ಉಳಿದದ್ದನ್ನು ಪ್ರಭಾ ಅವರೇ ಕೇಳಿ ತಿಳಿದುಕೊಂಡರು. ಮಾಪಣ್ಣ ಬೆರಳಲ್ಲಿ ಮೇಜಿನ ಮೇಲೆ ಚಿತ್ರ ಬರೆದು ತೋರಿಸಿದ. ಮುಂದಿನ ಎಡಸೀಟಿನ ನೇರಕ್ಕೆ, ಇಂಜಿನ್ನಿನ ಹಿಂದೆ, ಕೆಳಗೆ ಹೆಬ್ಬೆರಳು ದಪ್ಪದ ರಬ್ಬರಿನ ಬಾಯಿ ಇರುತ್ತದೆ.

"ಜಾಕ್ ನಂಬಿ ಕೆಳಗ ಹೋಗಬ್ಯಾಡ್ರಿ ಅಕ್ಕಾರ. ಗಟ್ಟಿ ಎತ್ತರಕ್ಕ ಗಾಲಿ ಹತ್ತಿಸ್ರಿ, ಹಿಂದ ಕಲ್ಲ ಕೊಡ್ರಿ. ಇಂಜಿನ್ ತಣ್ಣಗಾಗಿರಬೇಕು. ತಂತಿ, ಸರಳು ಹಾಕಬ್ಯಾಡ್ರಿ, ಒಳಗಿನ ಜಾಲರಿ ತೂತ ಬೀಳತೈತಿ. ಮೆತ್ತನ ಪೈಪ್ ಸ್ವಲ್ಪ ತೂರಿಸಿ ತಿರುವ್ರಿ, ಆಮ್ಯಾಲ ಬಾಯಿಂದ ಊದ್ರಿ. ಎಳೀಬ್ಯಾಡ್ರಿ ಮತ್ತ. ಎಳದ್ರ ಬಾಯಾಗ ಏನ ಬರತೈತಂತ ನಾ ಹೇಳಂಗಿಲ್ಲ."

"ನೀವೇ ಬಂದು ಮಾಡಿಕೊಡ್ತೀರಾ?"

"ನಾಳೆ ಅಂಬರನಾಥಕ್ಕ ಹೊಂಟೀನ್ರಿ, ತಂಗಿ ಸಾಬವ್ವನ ಮನಿಗೆ. ದೊಡ್ಡ ಕೆಲಸ ಅಲ್ರಿ ಅದು, ನೀವ ಮಾಡ್ತೀರಿ." ಸಂಜೆ ಕೆಲಸ ಮುಗಿಸಿ ಹೋಗುವಾಗ ಅವನು ಮಾರುದ್ದದ ತೆಳು ಪ್ಲಾಸ್ಟಿಕ್ ಪೈಪೊಂದನ್ನು ಸುರುಳಿ ಸುತ್ತಿ ಗಲ್ಲಾದ ಮೇಲಿಟ್ಟು ಹೋದ.

ಭಾನುವಾರ ಹೋಟೆಲಿಗೆ ರಜೆ. ಬೆಳಿಗ್ಗೆ ಎಂಟಕ್ಕೇ ರಾಯರು ಹಳೇ ಲುಂಗಿ ಉಟ್ಟು ಪಾರ್ಕಿಂಗಿಗೆ ಇಳಿದರು. ಕೊನೆಯ ಸಿಮೆಂಟ್ ಕಟ್ಟೆಗೆ ಹಲಗೆ ಕೊಟ್ಟು ಮುಂದಿನ ಗಾಲಿಗಳನ್ನು ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದೆ ಎರಡು ದಪ್ಪ ಕಲ್ಲು ಕೊಟ್ಟರು. ಆಮೇಲೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಕೆಳಗೆ ತೆವಳಿದರು. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಹೋಗಲಿಲ್ಲ. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದರು. ಹೊಟ್ಟೆ ತನ್ನ ತೀರ್ಮಾನ ಬದಲಿಸಲಿಲ್ಲ. ಇಷ್ಟರಲ್ಲಿ ಹಾಲು ತರಲು ಇಳಿದ ಕುಲಕರ್ಣಿಯವರು ಕಾರಿನಡಿಯಿಂದ ಹೊರಬಂದ ಎರಡು ಕಾಲು ಕಂಡು ಗಾಬರಿಯಾಗಿ, "ಅಹೋ ರಾವ್, ಕಾಯ್ ಝಾಲಂ?" ಏನಾಯಿತೆಂದು ಕೂಗಿದರು. ಮೇಲಿನ ನಾಲ್ಕು ಬಾಲ್ಕನಿಗಳಲ್ಲಿ ತಲೆಗಳು ಕಾಣಿಸಿದವು.

"ಹೊರಗೆ ಬನ್ನಿ," ಎಂಬ ಸ್ವರ ಕೇಳಿತು. ಪ್ರಭಾ. ಮಗಳ ನೀಲಿ ಟ್ರ್ಯಾಕ್ ಪ್ಯಾಂಟು, ಅದರ ಮೇಲೆ ಹಳೇ ಶರ್ಟು, ತಲೆಗೆ ಬಿಗಿಯಾಗಿ ಬಟ್ಟೆ. ಐವತ್ತಾರರ ಆ ತೆಳುದೇಹ ಸೀರೆಯ ಹೊರತು ಬೇರೇನೂ ಉಟ್ಟದ್ದನ್ನು ಸೊಸೈಟಿ ನೋಡಿರಲಿಲ್ಲ, ರಾಯರೂ ನೋಡಿರಲಿಲ್ಲ.

"ನೀನಾ? ಎಲ್ಲಾದ್ರೂ ಪೆಟ್ಟಾದ್ರೆ?"

"ಮಾಪಣ್ಣ ಹೇಳಿದ್ದನ್ನು ಕೇಳಿದ್ದು ನಾನು. ನೀವು ಒಳಗೆ ಹೋಗಿದ್ರಿ, ಸೀಯ್ತಾ ಇರ್ಲಿಲ್ವಾ ಅಲ್ಲಿ."

ಪ್ರಭಾ ಒಂದೇ ಸಲಕ್ಕೆ ಕೆಳಗೆ ಜಾರಿದರು. ರಾಯರು ಮೊಣಕಾಲೂರಿ ಟಾರ್ಚ್ ಹಿಡಿದರು. "ಎಡಕ್ಕೆ ನೋಡು. ಅಲ್ಲ, ನನ್ನ ಎಡ. ಕಪ್ಪಗೆ ಕಾಣ್ತದಾ?"

"ಇಲ್ಲಿ ಎಲ್ಲವೂ ಕಪ್ಪಗೇ ಕಾಣುದು. ನೀವು ಸುಮ್ಮನೆ ಬೆಳಕು ಬಿಡಿ."

ಕೆಳಗೆ ಕೈ ತಡಕಾಡಿದ ಸದ್ದಾಯಿತು. ಮತ್ತೆ, "ಸಿಕ್ಕಿತು! ಬಾಯಿಗೆ ಮಣ್ಣು ಮೆತ್ತಿದೆ. ಕುಂಬಾರ ಹುಳು ಗೂಡು ಕಟ್ಟಿದೆ ಮಾರಾಯ್ರೆ!" ಎಂದು ಕೇಳಿತು. ಫೆಬ್ರವರಿಯಲ್ಲಿ ಇವರು ಉಡುಪಿಗೆ ಹೋಗಿ ಮೂರು ವಾರ ಗಾಡಿ ಎತ್ತದೆ ಇದ್ದಾಗ ಹುಳುವಿಗೆ ಒಳ್ಳೆಯ ಜಾಗ ಸಿಕ್ಕಿತ್ತು. ಪ್ರಭಾ ಹೊರಗಿನ ಮಣ್ಣನ್ನು ಬೆರಳಿಂದ ಕೆರೆದರು, ಪೈಪು ತೂರಿಸಿ ಮೆಲ್ಲಗೆ ತಿರುವಿದರು, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಊದಿದರು. ಏನೂ ಆಗಲಿಲ್ಲ. ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಊದಿದರು. ಮೂರನೆಯ ಸಲ ಒಳಗೆ ಗುಳುಕ್ ಎಂದಿತು. ಎರಡು ತಿಂಗಳಿಂದ ದಾರಿ ಕಾಯುತ್ತಿದ್ದ ನೀರೆಲ್ಲ ಮಣ್ಣು, ಕಸ, ಹುಳುವಿನ ಗೂಡು ಸಮೇತ ಒಟ್ಟಿಗೆ ಇಳಿಯಿತು, ನೇರ ಪ್ರಭಾ ಅವರ ಮುಖದ ಮೇಲೆ.

ಕಾರಿನಡಿಯಿಂದ ಹೊರಟ ಕೂಗಿಗೆ ಕುಲಕರ್ಣಿಯವರ ಕೈಯಿಂದ ಹಾಲಿನ ಪ್ಯಾಕೆಟ್ ಬಿತ್ತು. ರಾಯರು ಹೆಂಡತಿಯ ಎರಡೂ ಕಾಲು ಹಿಡಿದು ಹೊರಗೆಳೆದರು. ಮುಖದ ತುಂಬ ಕೆಸರು, ಮೂಗಿನಡಿ ಮೀಸೆಯ ಹಾಗೆ ಒಂದು ಕರಿ ಗೆರೆ, ಕೈಯಲ್ಲಿ ಪೈಪು ಮಾತ್ರ ಭದ್ರವಾಗಿತ್ತು. ರಾಯರು ನಗಬಾರದೆಂದು ತುಟಿ ಕಚ್ಚಿದರು. ಆದರೂ ನಗು ಮೂಗಿನಿಂದ ಬಂತು.

"ನಗಿ, ನಗಿ. ಮೊದ್ಲು ಎಸಿ ಹಾಕಿ."

ರಾಯರು ಕಲ್ಲು ತೆಗೆದು, ಗಾಡಿಯನ್ನು ಸಮನೆಲಕ್ಕಿಳಿಸಿ, ಎಸಿ ಹಾಕಿ ಇಳಿದು ಬಂದರು. ಎಲ್ಲರೂ ಬಗ್ಗಿ ಕಾದರು. ಐದು ನಿಮಿಷಕ್ಕೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಟಪ್ ಟಪ್ ಎಂದು ಶುರುವಾಯಿತು. "ಥೇಂಬ್ ಪಡಲಾ!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಕುಲಕರ್ಣಿಯವರೇ. ಅವರ ಮುಖದಲ್ಲಿ ಎಷ್ಟೋ ದಿನದ ಭಾರ ಇಳಿದಂತಿತ್ತು.

ರಾಯರು ಹೆಗಲ ಮೇಲಿನ ಟವೆಲನ್ನು ಹೆಂಡತಿಗೆ ಕೊಟ್ಟರು. ತಪ್ಪು ಒಪ್ಪುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಹೋಟೆಲಿನಲ್ಲಿ ಗಿರಾಕಿ ಸಿಟ್ಟಾದರೆ ಒಂದು ಪ್ಲೇಟು ಗೋಳಿಬಜೆ ಕಳಿಸಿ ಸುಮ್ಮನಾಗುವವರು. "ಮೇಲೆ ಹೋಗಿ ಕಾಫಿ ಮಾಡ್ತೇನೆ ನಿಂಗೆ, ಸ್ಟ್ರಾಂಗ್," ಎಂದರು.

"ಕಾಫಿ ಬೇಡ. ಬಾಯಿಬಿಟ್ಟು ಹೇಳಿ."

ರಾಯರು ಬಾಲ್ಕನಿಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. "ನಂದೇ ತಪ್ಪು. ನೀನು ಹಾಗಲ್ಲ. ಆ ದಿನ ಕಶ್ಯಪನ ಮನೆಯಲ್ಲಿ ಹಾಗೆ ಹೇಳ್ಬಾರ್ದಿತ್ತು." ಕೊನೆಯ ಮಾತು ಹೇಳುವಾಗ ಸ್ವರ ನಿಜವಾಗಿಯೂ ತಗ್ಗಿತು.

ಪ್ರಭಾ ಮುಖ ಒರೆಸುವುದನ್ನು ನಿಲ್ಲಿಸಿದರು. ಈ ಮಾತು ಇಷ್ಟು ಬೇಗ ಬಂದೀತೆಂದು ಅವರು ನೆನೆಸಿರಲಿಲ್ಲ. ಮಣ್ಣಿನ ಮುಖದಲ್ಲಿ ಕಣ್ಣೆರಡೂ ಹೊಳೆದವು. ಆದರೂ ಅಷ್ಟಕ್ಕೇ ಬಿಡುವ ಮನಸ್ಸಾಗಲಿಲ್ಲ. "ಮರಾಠಿಯಲ್ಲೂ ಹೇಳಿ. ಕುಲಕರ್ಣಿಯವರಿಗೆ ಅರ್ಥ ಆಗ್ಲಿಲ್ಲ."

"ಚೂಕ್ ಮಾಝೀ," ಎಂದರು ರಾಯರು, ಬಾಲ್ಕನಿಗಳಿಗೂ ಕೇಳುವಂತೆ. ಯಾರೋ ಚಪ್ಪಾಳೆ ತಟ್ಟಿದರು.

ಸೋಮವಾರ ಮಾಪಣ್ಣ ತಿಂಡಿಗೆ ಬಂದಾಗ ಅವನ ತಟ್ಟೆಗೆ ಕೇಳದೆಯೇ ಎರಡು ಉದ್ದಿನವಡೆ ಬಂತು. ರಾಯರು ಎದುರು ಕೂತು ಇಡೀ ಸಾಹಸವನ್ನು ಕೈಬಾಯಿ ತಿರುಗಿಸಿ ಬಣ್ಣಿಸಿದರು. ಹುಳುವಿನ ಗೂಡು ಅಷ್ಟೊತ್ತಿಗೆ ತೆಂಗಿನಕಾಯಿ ಗಾತ್ರದ್ದಾಗಿತ್ತು.

"ಭೇಷ್ ಶೇಟ್ರ," ಎಂದ ಮಾಪಣ್ಣ. "ಅಲ್ಲಾ, ಕೆಳಗ ಹೋದವ್ರು ಯಾರ್ರಿ?"

"ನಾವೇ," ಎಂದ ರಾಯರು ಗಲ್ಲಾದ ಕಡೆ ಒಮ್ಮೆ ನೋಡಿದರು. "ಅಂದ್ರೆ, ಅವಳು ಹೋದದ್ದು. ನಾನು ಟಾರ್ಚ್ ಹಿಡಿದೆ."

ಮಾಪಣ್ಣ ವಡೆಯನ್ನು ಸಾಂಬಾರಿನಲ್ಲಿ ಅದ್ದಿದ. "ಅದೂ ಒಂದು ಕೆಲಸಾನ ಬಿಡ್ರಿ."