ಗೇಟಿನ ಹೊರಗಿಟ್ಟ ಚಟ್ಟಿಗಳು

"ಅದನ್ನೂ ಹೊರಗಿಡಿ ಮಾರಾಯ್ರೆ, ಮಾಮನನ್ನು ಮಲಗಿಸುವುದೆಲ್ಲಿ?" ಎನ್ನುತ್ತಲೇ ಶೇಖರ ಎರಡು ಕೈಯಲ್ಲಿ ಎರಡು ಕ್ರೋಟನ್ ಚಟ್ಟಿ ಎತ್ತಿದ. ಅಂಗಳವೆಂಬುದು ಹೆಸರಿಗಷ್ಟೇ. ಮಣ್ಣಿನ ಚಟ್ಟಿ, ಡಾಲ್ಡಾ ಡಬ್ಬ, ಬಾಯಿ ಕತ್ತರಿಸಿದ ಎಣ್ಣೆ ಟಿನ್ನು, ತಳ ತೂತಾದ ಬಾಲ್ದಿ, ಎಲ್ಲದರಲ್ಲೂ ಗಿಡ. ಶವ ಇಳಿಸಲು ಜಾಗವಿಲ್ಲ. ನಾಲ್ಕು ಜನ ಸೇರಿ ಎಲ್ಲವನ್ನೂ ಗೇಟಿನ ಹೊರಗೆ, ರಸ್ತೆ ಬದಿಯ ಕಂಪೌಂಡಿಗೆ ಒರಗಿಸಿ ಸಾಲಾಗಿ ಇಟ್ಟರು. ಸೋದರಳಿಯ ಶೇಖರ ಮೂಡಬಿದ್ರೆಯವ. ಪಾಣೆಮಂಗಳೂರಿನ ಈ ಮನೆಯ ಭಾನುವಾರದ ಕ್ರಮ ಅವನಿಗೇನು ಗೊತ್ತು?

ಒಳಗೆ ನೀಲಾವತಿ ಗೋಡೆಗೊರಗಿ ಕುಳಿತಿದ್ದಳು. ಗಂಡ ಸಂಕಪ್ಪ ತಾಲೂಕು ಕಚೇರಿಯ ನಿವೃತ್ತ ಗುಮಾಸ್ತ. ನಿನ್ನೆ ಶನಿವಾರ ಸಂಜೆ ಗಿಡಗಳಿಗೆ ನೀರು ಹಾಕಿ, ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಚಟ್ಟಿ ಎಳೆಯುವ ಸದ್ದು ಅವಳ ಕಿವಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಆ ಸದ್ದು ಇರುವುದೇ ಆದ್ದರಿಂದ ಅವಳು ತಲೆ ಎತ್ತಲಿಲ್ಲ.

*

ವಾರವಿಡೀ ಫೈಲುಗಳ ನಡುವೆ ಬೆನ್ನು ಬಗ್ಗಿಸಿದ ಸಂಕಪ್ಪ ಶನಿವಾರ ಮಧ್ಯಾಹ್ನದ ಮೇಲೆ ಹಳೆ ಮುಂಡು ಸುತ್ತಿ ಅಂಗಳಕ್ಕೆ ಇಳಿದರೆ ಭಾನುವಾರ ಕತ್ತಲಾಗುವವರೆಗೆ ಅವರ ಉಗುರಿನಲ್ಲಿ ಮಣ್ಣು. ನಿವೃತ್ತರಾದ ಮೇಲೂ ಗಿಡದ ಕೆಲಸಕ್ಕೆ ಅವೆರಡೇ ದಿನ. ಹೆಚ್ಚಾದ ಗಿಡಗಳನ್ನು ಭಾನುವಾರ ಕಂಪೌಂಡಿನ ಹೊರಗಿಡುವರು. ಬೇಕಾದವರು ಒಯ್ಯಬಹುದು. ಮೊದಮೊದಲು ಜನ ಬಾಗಿಲು ತಟ್ಟಿ ಕೇಳುತ್ತಿದ್ದರು.

"ಕೇಳುವುದು ಯಾಕೆ? ಕೇಳಿ ತಂದ ಗಿಡಕ್ಕಿಂತ ಕದ್ದ ಗಿಡ ಚಂದ ಬರುವುದು" ಎಂದು ಅವರು ಗದರಿದ ಮೇಲೆ ಯಾರೂ ಕೇಳಲಿಲ್ಲ.

ಹೊರಗೆ ಹೋಗದ ಗಿಡ ಒಂದೇ. ಅಡುಗೆಮನೆ ಮೆಟ್ಟಿಲ ಬಳಿ, ನೀಲಿ ಬಣ್ಣ ಬಳಿದ ಡಬ್ಬದ ಮಲ್ಲಿಗೆ. ಮದುವೆಯಾದ ವರ್ಷ ಮಲ್ಲಿಗೆಗೆ ಹೆಸರಾದ ಶಂಕರಪುರದಿಂದ ತಂದದ್ದು. ದಿನಾ ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆಲೆಯಲ್ಲಿ ಸುತ್ತಿ ಅಡುಗೆಮನೆ ಕಿಟಕಿಯಲ್ಲಿಟ್ಟು ಹೋಗುವರು. ಇದು ನಿನಗೆಂದು ಒಂದು ದಿನವಾದರೂ ಬಾಯಿಬಿಟ್ಟು ಹೇಳಿದವರಲ್ಲ.

"ಊರಿಗೆಲ್ಲ ಗಿಡ ಕೊಡ್ತೀರಿ, ನನಗೆ ಹೂವು ಮಾತ್ರವಾ?" ಎಂದು ಅವಳು ಕೆಣಕಿದ್ದುಂಟು.

"ಅವೆಲ್ಲ ಹೆಚ್ಚಾದದ್ದು. ಇದು ಒಂದೇ ಉಂಟು" ಎಂದಿದ್ದರು.

*

ಸುಡುಗಾಡಿನಿಂದ ಗಂಡಸರು ಮರಳಿದಾಗ ನಾಲ್ಕು ಗಂಟೆ. ಸ್ನಾನ ಮುಗಿಸಿ ಹಿಂದಿನ ಬಾಗಿಲಿಗೆ ಬಂದ ನೀಲಾವತಿಗೆ ಮೆಟ್ಟಿಲ ಬಳಿ ತುಕ್ಕಿನ ದುಂಡನೆಯ ಕಲೆ ಮಾತ್ರ ಕಂಡಿತು.

"ಶೇಖರ, ನೀಲಿ ಡಬ್ಬ ಎಲ್ಲಿ?"

"ಎಲ್ಲ ಹೊರಗೆ ಉಂಟು ಮಾಮಿ" ಎಂದು ನೋಡಲು ಹೋದವನು ಮುಖ ಸಣ್ಣದು ಮಾಡಿಕೊಂಡು ಬಂದ. "ಎರಡೇ ಉಂಟು. ಉಳಿದದ್ದೆಲ್ಲ ಎಂತಾಯಿತೋ."

ಜಗಲಿಯ ತುದಿಯಲ್ಲಿದ್ದ ಕಚೇರಿಯ ಹಳೆ ಜವಾನ ಉಸ್ಮಾನ್ ಎದ್ದು ನಿಂತ. "ಭಾನುವಾರ ಅಲ್ವಾ ಅಕ್ಕ, ಅವರೇ ಇಟ್ಟು ಹೋದದ್ದೆಂದು ಎಣಿಸಿದೆವು. ನಾನೂ ಒಂದು ಸೈಕಲಿಗೆ ಕಟ್ಟಿದ್ದೇನೆ. ಬಿಚ್ಚಿ ತರ್ತೇನೆ."

"ಅದು ಇರಲಿ. ನೀಲಿ ಡಬ್ಬ ಯಾರು ಕೊಂಡುಹೋದರು?"

ಉಸ್ಮಾನನಿಗೆ ಗೊತ್ತಿರಲಿಲ್ಲ. ಸಾವಿನ ಮನೆಯಿಂದ ಹೇಳಿ ಹೋಗುವ ಕ್ರಮವಿಲ್ಲ. ಹೇಳದೆ ಹೋಗುವವರ ಕೈ ನೋಡುವವರೂ ಇಲ್ಲ. ಬಂದ ಅರ್ಧ ಊರು ಬಗಲಲ್ಲೊಂದು ಗಿಡ ಇಟ್ಟುಕೊಂಡು ಸುಮ್ಮನೆ ನಡೆದಿತ್ತು.

ಸಂಕಪ್ಪನ ಅಕ್ಕ ಪ್ರಫುಲ್ಲಾ ಹತ್ತಿರ ಬಂದರು. "ಹೋದದ್ದು ಹೋಯಿತು ನೀಲಾ. ಇನ್ನು ನಿನಗೆ ಮಲ್ಲಿಗೆ ಯಾತಕ್ಕೆ?"

ಮಾತಿನಲ್ಲಿ ಕೊಂಕಿರಲಿಲ್ಲ. ನಲವತ್ತಕ್ಕೇ ಗಂಡನನ್ನು ಕಳೆದುಕೊಂಡು ಹೂವು ಬಿಟ್ಟವರು ಅವರು. ಆದರೂ ನೀಲಾವತಿಗೆ ನಿನ್ನೆಯಿಂದ ಬಾರದ ಅಳು ಈಗ ಬಂತು. ಅದರಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚು. ಗಂಡ ಹೋದ ಸಿಟ್ಟು, ಅವರದೆಂದು ಇದ್ದ ಒಂದನ್ನೂ ಇವರೆಲ್ಲ ಸೇರಿ ದಾಟಿಸಿದ ಸಿಟ್ಟು.

ಅಷ್ಟರಲ್ಲಿ ಮೂರು ಮನೆ ಆಚೆಯ ಸಾಲಿಹಾ ಗೇಟಿನ ಬಳಿ ಬಂದು ನಿಂತಳು. ಒಳಗೆ ಬರಬಹುದೋ ಬಾರದೋ ಎಂಬ ಹಿಂಜರಿಕೆ.

"ಅಕ್ಕ, ನೀಲಿ ಡಬ್ಬ ನಮ್ಮಲ್ಲಿ ಉಂಟು. ಅದು ಯಾವತ್ತೂ ಹೊರಗೆ ಬರುವುದಲ್ಲವಲ್ಲ, ಯಾರೋ ಗೊತ್ತಿಲ್ಲದೆ ಇಟ್ಟರೆಂದು ಹುಡುಗರ ಕೈಲಿ ಎತ್ತಿಸಿಟ್ಟೆ."

"ನಾನು ತರ್ತೇನೆ" ಎಂದು ಶೇಖರ ಹೊರಟ.

"ನೀನು ಹೊರಗಿಟ್ಟದ್ದು ಸಾಕು" ಎಂದು ನೀಲಾವತಿ ಮೆಟ್ಟಿಲಿಳಿದಳು.

"ನೀಲಾ, ಹದಿಮೂರನೇ ದಿನದ ಬೊಜ್ಜ, ಉತ್ತರಕ್ರಿಯೆ ಎಲ್ಲ ಕಳೆಯುವವರೆಗೆ ನೀನು ಗೇಟು ದಾಟುವ ಹಾಗಿಲ್ಲ" ಎಂದರು ಪ್ರಫುಲ್ಲಾ.

"ಗೊತ್ತುಂಟು ಅತ್ತಿಗೆ."

ಒದ್ದೆ ಕೂದಲನ್ನು ಹಾಗೆಯೇ ಗಂಟು ಹಾಕಿ ಅವಳು ಗೇಟು ದಾಟಿದಳು. ಸಾಲಿಹಾಳ ಹಿಂದೆ ಅವಳ ಮನೆಗೆ ನಡೆದಳು. ಡಬ್ಬ ನೆನೆಸಿದ್ದಕ್ಕಿಂತ ಭಾರವಿತ್ತು. ಒಂದು ಬದಿ ಅವಳು, ಇನ್ನೊಂದು ಬದಿ ಸಾಲಿಹಾ ಹಿಡಿದು, ಎರಡು ಕಡೆ ಕೆಳಗಿಟ್ಟು ದಣಿವಾರಿಸಿಕೊಂಡು, ರಸ್ತೆಯ ನಡುವೆಯೇ ತಂದರು. ಗೇಟಿನ ತೆರೆದಿದ್ದ ಒಂದು ಬಾಗಿಲಲ್ಲಿ ಡಬ್ಬ ಹಿಡಿದ ಇಬ್ಬರಿಗೆ ದಾರಿ ಸಾಲಲಿಲ್ಲ. ಪ್ರಫುಲ್ಲಾ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಬಂದು, ಚಿಲಕ ಎತ್ತಿ, ಇನ್ನೊಂದು ಬಾಗಿಲನ್ನೂ ತೆರೆದರು.

ಡಬ್ಬವನ್ನು ಅಂಗಳದಲ್ಲಿ ಇಳಿಸಿದಾಗ ನೀಲಾವತಿ ಗಿಡ ನೋಡಿದಳು. ಬೆಳಿಗ್ಗೆ ಕೊಯ್ಯುವವರಿರಲಿಲ್ಲ. ಮೊಗ್ಗುಗಳೆಲ್ಲ ಗಿಡದಲ್ಲೇ ಅರಳಿದ್ದವು. ಇಷ್ಟು ವರ್ಷದಲ್ಲಿ ಅವಳು ಆ ಗಿಡದಲ್ಲಿ ಅರಳಿದ ಹೂವು ಕಂಡದ್ದು ಅದೇ ಮೊದಲು.