ಎಡದಂಡೆಗೆ ಮಾವ, ಬಲದಂಡೆಗೆ ಮೇಳ

ದೇವರು ಕೊರಳನ್ನು ಎಲ್ಲರಿಗೂ ಕೊಟ್ಟ. ಶ್ರುತಿಯನ್ನು ಹಂಚುವ ಹೊತ್ತಿಗೆ ಮುನವಳ್ಳಿಯ ಮಡಿವಾಳೆಪ್ಪನವರು ಎಲ್ಲೋ ಭಜನೆಗೆ ಹೋಗಿದ್ದರೆಂದು ಕಾಣುತ್ತದೆ. ಆದರೂ ಊರಿನ ಭಜನಾ ಮೇಳಕ್ಕೆ ಅವರೇ ಹಿರಿಯರು. ಪದಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು; ಮೇಳದ ಪ್ರತಿಯೊಬ್ಬರಿಗೂ ಅವರೇ ಹೇಳಿಕೊಟ್ಟಿದ್ದರು. ಕಲಿತವರ ಬಾಯಲ್ಲಿ ಪದ ನೆಟ್ಟಗೆ ಬರುತ್ತಿತ್ತು. ಅವರ ಬಾಯಲ್ಲಿ ಮಾತ್ರ ಏರಬೇಕಾದಲ್ಲಿ ಇಳಿದು, ಇಳಿಯಬೇಕಾದಲ್ಲಿ ಕೆಸರಿಗೆ ಹೊಕ್ಕ ಎಮ್ಮೆಯಂತೆ ಅಲ್ಲೇ ನಿಂತುಬಿಡುತ್ತಿತ್ತು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯನಿಗೆ ಹೇಳುವುದಾದರೂ ಹೇಗೆ?

ಸಂಕಟಕ್ಕೆ ಸಿಕ್ಕವನು ಅವರ ಅಳಿಯ, ಮೈಕ್‌ಸೆಟ್ಟಿನ ಮಹಾದೇವ. ಬಸವಣ್ಣನ ಗುಡಿಯ ಮೇಲಿನ ಹಾರ್ನಿನಿಂದ ದಿನಾ ಬೆಳಗಿನ ಜಾವ ನಮ್ಮ ಮೇಳದ ಪದವೇ ಕೇಳಬೇಕು, ಶಿವನೂ ಊರೂ ಅದಕ್ಕೇ ಏಳಬೇಕು ಎಂಬುದು ಮಾವನ ಬಹಳ ದಿನದ ಆಸೆ. ಗುಡಿಯ ಕಮಿಟಿಯ ಮಹಾಂತಪ್ಪ ಮಹಾದೇವನನ್ನು ಕಟ್ಟೆಯ ಬದಿಗೆ ಕರೆದು ಮೆಲ್ಲಗೆ ಹೇಳಿದ್ದ:

"ನಿಮ್ಮ ಮಾವನ ಧ್ವನಿ ಇರಲಾರದಂಗ ರೆಕಾರ್ಡ್ ಮಾಡಿಕೊಂಡು ಬಾ, ಹಾಕಸತೇನಿ. ಇತ್ತಂದ್ರ ಆಗಂಗಿಲ್ಲಪಾ. ಹೋದ ಸಲ ಅವರು ಮೈಕ್ ಹಿಡದಾಗ ನಮ್ಮ ಆಕಳ ಹಗ್ಗ ಹರಕೊಂಡು ಕಾಲುವಿ ದಾಟಿತ್ತು. ನೀ ತರಲಿಲ್ಲ ಅಂದ್ರ ಮೊಬೈಲಿನ್ಯಾಗಿಂದು ಯಾವುದರ ಹಾಕಿಬಿಡತೇವಿ."

"ಮಾವಾರ ಮೇಳ, ಮಾವಾರ ಪದ. ಮಾವಾರ ಧ್ವನಿ ಅಷ್ಟ ಬ್ಯಾಡ ಅಂದ್ರ ಹೆಂಗ್ರಿ ಕಾಕಾ?"

"ಅದನ್ನ ನಿನ್ನ ಮಷಿನಿಗೆ ಕೇಳು."

ಮಷಿನು ಎಂದರೆ ಮದುವೆ, ಮುಂಜಿವೆ, ನಾಟಕಗಳಲ್ಲಿ ದುಡಿದು ದಣಿದಿದ್ದ ಹಳೆಯ ಮಿಕ್ಸರು. ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರ ಮೈತುಂಬ ನಾಬುಗಳು. ಮೈಕುಗಳನ್ನು ಅದಕ್ಕೆ ಚುಚ್ಚಿ, ಅದರಿಂದ ಒಂದು ವಾಯರನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ಎಲ್ಲರ ಧ್ವನಿಯೂ ಬೇರೆಬೇರೆಯಾಗಿ ಹೋಗಿ ಕೂರುತ್ತದೆಂದು ಮಹಾದೇವ ನಂಬಿದ್ದ. ಬೈಲಹೊಂಗಲದಲ್ಲಿ ಆಂಪ್ಲಿಫಾಯರ್ ರಿಪೇರಿ ಮಾಡುವ ಗೆಳೆಯ ನಾಸಿರ ಬಂದು ನೋಡಿ ನಕ್ಕ.

"ಲೇ ದೋಸ್ತ, ನಿಮ್ಮ ಡ್ಯಾಮಿಗೆ ಎಷ್ಟ ಹಳ್ಳ ಬಂದು ಕೂಡಲಿ, ಹೊರಗ ಹೋಗೂವು ಎರಡ ಕಾಲುವಿ ಹೌದಿಲ್ಲೋ? ಎಡದಂಡಿ, ಬಲದಂಡಿ. ಇದೂ ಹಂಗ. ಮೈಕ್ ಎಷ್ಟರ ಹಚ್ಚು, ಲ್ಯಾಪ್‌ಟಾಪಿಗೆ ಹೋಗೂದು ಎರಡ ಟ್ರ್ಯಾಕ್."

"ಹಂಗಾರ ಸತ್ತೆ ನಾ."

"ಎರಡ ಸಾಕಲ್ಲೋ ನಿನಗ! ಈ ಕೆಳಗಿನ ಸಾಲಿನ ನಾಬ್ ನೋಡು. ಎಡಕ ಪೂರಾ ತಿರುವಿದ್ರ ಧ್ವನಿ ಎಡಗಾಲುವಿಗೆ, ಬಲಕ ತಿರುವಿದ್ರ ಬಲಗಾಲುವಿಗೆ. ಮಾವನ್ನ ಒಬ್ಬರನ್ನ ಎಡದಂಡಿಗೆ ಬಿಡು, ಉಳಿದ ಮಂದೀನೆಲ್ಲ ಬಲದಂಡಿಗೆ. ಆಮ್ಯಾಲ ಎಡದಂಡಿ ಗೇಟ್ ಮುಚ್ಚು. ಮುಗೀತು."

ಮಹಾದೇವ ಮನಸ್ಸಿನಲ್ಲೇ ಶಿವನಿಗೂ ಮಾವನಿಗೂ ತಪ್ಪು ಕಾಣಿಕೆ ಹರಕೆ ಹೊತ್ತುಕೊಂಡ.

ಭಾನುವಾರ ಮಧ್ಯಾಹ್ನ ಮೇಳ ಮಹಾದೇವನ ಮನೆಯಲ್ಲಿ ಕೂಡಿತು. ಪಡಸಾಲೆಯ ಗೋಡೆಗಳಿಗೆ ಕೌದಿಗಳನ್ನು ಇಳಿಬಿಟ್ಟಿದ್ದರು. ಮಾವನ ಧ್ವನಿ ಬೇರೆಯವರ ಮೈಕಿಗೆ ಬೀಳಬಾರದಲ್ಲ, ಅದಕ್ಕೆ ಅವರಿಗೆ ಒಳಗೆ ಜೋಳದ ಚೀಲಗಳ ಕೋಣೆಯಲ್ಲಿ ಚಾಪೆ ಹಾಸಿತ್ತು. "ಹಿರಿಯರಿಗೆ ಬ್ಯಾರೆ ಖೋಲಿ," ಎಂದು ನಾಸಿರ ಕೈಮುಗಿದು ಹೇಳಿದ. ಮನೆಯಲ್ಲಿದ್ದುದು ಒಂದೇ ಹೆಡ್‌ಫೋನು. ಅದನ್ನೂ ಮರ್ಯಾದೆಗೆ ಅವರ ತಲೆಗೇ ತೊಡಿಸಿದರು. ಹಿರಿಯರು ಕುಳಿತಿರುವಾಗ ಅಳಿಯ ತಾನು ಹಾಕಿಕೊಳ್ಳುವುದು ಚೆಂದವಲ್ಲ.

ಮಾವನ ನಾಬನ್ನು ಎಡಕ್ಕೆ, ಉಳಿದವನ್ನೆಲ್ಲ ಬಲಕ್ಕೆ ತಿರುವಿಟ್ಟು ಇನ್ನೇನು ಸುರು ಮಾಡಬೇಕು, ಹಿಂದಿನ ಓಣಿಯ ಗಿರಣಿ ಗರಗರ ಅಂದಿತು. ಒಂದು ತಾಸು ಬಂದ್ ಮಾಡಿರೆಂದು ಕೇಳಲು ಮಹಾದೇವ, ನಾಸಿರ ಇಬ್ಬರೂ ಓಡಿದರು. ಆ ಹೊತ್ತಿಗೆ ಸರಿಯಾಗಿ ಅತ್ತೆ ಸಿದ್ದಲಿಂಗವ್ವ ಆರತಿ ತಟ್ಟೆ ಹಿಡಿದು ಬಂದರು. ದೇವರ ಪದ ಹಾಡಿಸಿಕೊಳ್ಳುವ ಯಂತ್ರಕ್ಕೆ ಪೂಜೆಯಾಗದೆ ಕೆಲಸ ಹೂಡುವುದುಂಟೆ? ವಿಭೂತಿ ಎಳೆದರು, ಕುಂಕುಮ ಇಟ್ಟರು, ಸೇವಂತಿಗೆ ಏರಿಸಿದರು, ಊದುಬತ್ತಿ ಬೆಳಗಿದರು. ಇವರು ಮರಳಿ ಬಂದಾಗ ಮಿಕ್ಸರು ಮದುಮಗನಂತೆ ಮೆರೆಯುತ್ತಿತ್ತು. ಹೂವನ್ನು ಸರಿಸಲು ಮಹಾದೇವನಿಗೆ ಮನಸ್ಸು ಬರಲಿಲ್ಲ.

"ಹೂಂ, ಸುರು ಮಾಡ್ರಿ," ಎಂದ.

ಮೇಳ ಪದ ಎತ್ತಿತು. ತಾಳ, ದಿಮ್ಮಡಿ, ಹಾರ್ಮೋನಿಯಂ ಪೇಟಿ ಕೂಡಿ ಮನೆ ತುಂಬಿತು. ಒಳಗಿನಿಂದ ಕೌದಿಯನ್ನು ನೂಕಿಕೊಂಡು ಮಾವನ ಧ್ವನಿ ಮಸುಕಾಗಿ ಬರುತ್ತಿತ್ತು. "ಹೆಡ್‌ಫೋನಿನ್ಯಾಗ ಭಾರೀ ಕೇಳಸತೈತಿ!" ಎಂದು ಚರಣಕ್ಕೊಮ್ಮೆ ಕೂಗುತ್ತಿದ್ದರು, ಅದೂ ರೆಕಾರ್ಡಾಯಿತು.

ಎಲ್ಲರೂ ಅವಲಕ್ಕಿ ತಿನ್ನಲು ಎದ್ದಾಗ ಮಹಾದೇವ ಹೆಡ್‌ಫೋನು ತೊಟ್ಟು ಎಡ ಟ್ರ್ಯಾಕನ್ನು ಮುಚ್ಚಿದ. ಮಾವ ಹಾಡುತ್ತಲೇ ಇದ್ದರು. ಬಲದ್ದನ್ನು ಮುಚ್ಚಿ ಎಡದ್ದನ್ನು ತೆರೆದ. ಆಗಲೂ ಮಾವ ಹಾಡುತ್ತಿದ್ದರು.

"ನಾಸಿರ, ಎಡದಂಡ್ಯಾಗೂ ಮಾವ, ಬಲದಂಡ್ಯಾಗೂ ಮಾವ!"

ನಾಸಿರ ಸೇವಂತಿಗೆಯನ್ನು ಮೆಲ್ಲಗೆ ಎತ್ತಿ ನೋಡಿದ. ಕೆಳಗಿನ ಸಾಲಿನ ನಾಬುಗಳೆಲ್ಲ ಎಡಕ್ಕೂ ಇಲ್ಲದೆ ಬಲಕ್ಕೂ ಇಲ್ಲದೆ ನಟ್ಟನಡುವೆ ನೆಟ್ಟಗೆ ನಿಂತು ದೇವರ ಜಗಲಿಯನ್ನು ನೋಡುತ್ತಿದ್ದವು.

"ಅತ್ಯಾರ, ಇವನ್ನ ಯಾರರ ಮುಟ್ಟಿದ್ರೇನ್ರಿ?" ಎಂದ ಮಹಾದೇವ.

"ನಾನ ಮುಟ್ಟೇನಿ," ಎಂದರು ಸಿದ್ದಲಿಂಗವ್ವ, ಹೊಗಳಿಕೆಗೆ ಕಾದವರಂತೆ. "ಎಂಥಾ ಮಂದ್ಯೋ ನೀವು! ಪೂಜಿ ಯಾಳೇಕ ಒಂದರ ಮಾರಿ ಬಚ್ಚಲಕಡೆ, ಉಳಿದವುಂದೆಲ್ಲ ದನದ ಕೊಟ್ಟಿಗಿ ಕಡೆ. ಎಲ್ಲಾನೂ ಜಗಲಿ ಕಡೆ ಮಾರಿ ಮಾಡಿಸಿ ಕುಂದರಿಸಿದೆ."

ಬಚ್ಚಲ ಕಡೆ ಮುಖ ಮಾಡಿದ್ದು ಮಾವನ ನಾಬು. ನಾಸಿರ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟ.

ಅಷ್ಟರಲ್ಲಿ ಮಡಿವಾಳೆಪ್ಪನವರು ಕೈ ಒರೆಸಿಕೊಳ್ಳುತ್ತ ಬಂದರು. "ಹಚ್ಚೋ ಅಳಿಯಾ, ಕೇಳೂಣು."

ಮಹಾದೇವ ಸ್ಪೀಕರಿಗೆ ಹಚ್ಚಿದ. ಹಚ್ಚದೆ ಇರುವ ದಾರಿ ಇರಲಿಲ್ಲ. ಮಾವ ಕಣ್ಣುಮುಚ್ಚಿ ತಲೆದೂಗುತ್ತ ಕುಳಿತರು. ಎರಡನೆಯ ಚರಣಕ್ಕೆ ತಲೆ ನಿಂತಿತು, ಹುಬ್ಬು ಗಂಟಿಕ್ಕಿತು.

"ನಿಂದರಸು. ನಡುವ ಯಾವನೋ ಒಬ್ಬಾವ ಒದರಾಕ ಹತ್ಯಾನಲ್ಲ, ಯಾರಾಂವ?"

ಪಡಸಾಲೆಯವರೆಲ್ಲ ಅವಲಕ್ಕಿ ತಟ್ಟೆಗಳ ಮೇಲೆ ಬಗ್ಗಿದರು. ಮಾವ ಒಬ್ಬೊಬ್ಬರನ್ನೇ ನೋಡುತ್ತ ಬಂದರು.

"ಬಸವಣ್ಣೆಪ್ಪ, ನೀನ ಏನೋ?"

ದಿಮ್ಮಡಿಯ ಬಸವಣ್ಣೆಪ್ಪ ಬೆಚ್ಚಿಬಿದ್ದ. "ನಾ ಬಾಯಿನ ತಗದಿಲ್ರಿ ಯಪ್ಪಾ! ಬಾಯಿತುಂಬ ಎಲಿಅಡಿಕಿ ಇತ್ತು!"

"ಮತ್ಯಾರು? ಯಾರರ ಇರಲಿ, ಇವನ್ನ ತಗದ ಹಾಕು ಮಾದೇವ. ಇಂಥಾದ್ದನ್ನ ಕೇಳಿ ಶಿವ ಏಳೂದಿಲ್ಲ, ಎದ್ದು ಹೋಗತಾನ."

ಬೇಡಿದ ವರವನ್ನು ಮಾವನೇ ಕೊಟ್ಟಿದ್ದರು. ಈಸಿಕೊಳ್ಳಲು ಮಾತ್ರ ಬರುವಂತಿರಲಿಲ್ಲ. "ಎಲ್ಲಾರ ಧ್ವನೀನೂ ಕೂಡಿಕೊಂಡು ಬಿಟ್ಟೈತ್ರಿ ಮಾವಾರ. ಬೇರ್ಪಡಿಸಾಕ ಬರಂಗಿಲ್ಲ," ಎಂದ.

"ಹಂಗಾರ ಒಬ್ಬೊಬ್ಬರನ್ನ ಹಾಡಸು. ಕಳ್ಳ ಸಿಗತಾನ."

ಹಾಗೆಯೇ ಆಯಿತು. ಒಬ್ಬೊಬ್ಬರೂ ಜೋಳದ ಕೋಣೆಗೆ ಹೋಗಿ, ಹೆಡ್‌ಫೋನು ತೊಟ್ಟು, ಹಿಂದಿನವರು ಹಾಡಿದ್ದನ್ನು ಕೇಳುತ್ತ ತಮ್ಮ ಪಾಲನ್ನು ಹಾಡಿ ಬರುವುದು. ತಾಳದ ಸಪ್ಪಳ ಹೆಡ್‌ಫೋನಿನೊಳಗೇ ಇದ್ದುದರಿಂದ ಹೊರಗಿನವರಿಗೆ ಬರೀ ಕೊರಳು ಕೇಳುತ್ತಿತ್ತು. ನಡುವೆ ಸುಮ್ಮನಾಗಿ, ಮತ್ತೆ ಇದ್ದಕ್ಕಿದ್ದಂತೆ "ಶಿವಾ!" ಎಂದು ಚೀರುವ ಬಸವಣ್ಣೆಪ್ಪನನ್ನು ಕಿಟಕಿಯಿಂದ ಕಂಡ ಪಕ್ಕದ ಮನೆಯ ಸೀತವ್ವ ದೆವ್ವ ಬಡಿದಿದೆಯೆಂದು ನಿಂಬೆಹಣ್ಣು ತಂದು ಇಳಿ ತೆಗೆದಳು. ಬಸವಣ್ಣೆಪ್ಪ ನೆಟ್ಟಗೆ ಹಾಡಿದ್ದ. ಪೇಟಿಯವನೂ, ತಾಳದವರೂ ನೆಟ್ಟಗೆ ಹಾಡಿದ್ದರು. ಕಳ್ಳ ಸಿಗಲಿಲ್ಲ. ಎಲ್ಲರೂ ಚಾಪೆಯ ಕಡ್ಡಿಗಳನ್ನು ನೋಡುತ್ತ ಕುಳಿತರು.

"ಇನ್ನ ನಾನೊಬ್ಬ," ಎಂದು ಮಡಿವಾಳೆಪ್ಪನವರು ಎದ್ದು ಹೋದರು.

ಹಾಡಿದರು. ಮನಸ್ಸಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹಾಡಿದರು. ಬಳಿಕ ಮಹಾದೇವ ಅವರೊಬ್ಬರ ಟ್ರ್ಯಾಕನ್ನು ಅವರ ಕಿವಿಗೆ ಹಚ್ಚಿದ. ಅವರು ಚೀಲಕ್ಕೆ ಒರಗಿ, ಎರಡೂ ಕೈಗಳಿಂದ ಅದನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು.

"ಇದು ನಮ್ಮಪ್ಪ ಅಲ್ಲೇನೋ, ಮಾದೇವ?"

"ಮಾವಾರ..."

"ನಮ್ಮಪ್ಪಂದ ಕೊರಳಿದು. ಅಂವ ಹಿಂಗ ಹಾಡತಿದ್ದ. ಅಂವ ಸುರು ಮಾಡಿದ್ರ ನಾವು ಹುಡುಗುರೆಲ್ಲ ಹಿಂಗ ಜ್ವಾಳದ ಚೀಲದ ಹಿಂದ ಅಡಗಿ ಕುಂತು ಕಿವ್ಯಾಗ ಬೆರಳ ಇಟ್ಟಗೋತಿದ್ವಿ." ಹೆಡ್‌ಫೋನು ತೆಗೆದು ಪಡಸಾಲೆಯತ್ತ ನೋಡಿದರು. "ಹಂಗಾರ ನೀವೆಲ್ಲ ಇಷ್ಟ ವರ್ಷ ಎಲ್ಲಿ ಅಡಗಿ ಕುಂತಿದ್ರ್ಯೋ?"

ಮೊದಲು ನಕ್ಕವರು ಸಿದ್ದಲಿಂಗವ್ವ. "ನನಗ ಎಲ್ಲಿ ಅಡಗಾಕ ಜಾಗ ಇತ್ರಿ? ಒಂದ ಮನ್ಯಾಗ ಇದ್ದೆ." ಆಮೇಲೆ ಮಡಿವಾಳೆಪ್ಪನವರೇ ಹೊಟ್ಟೆ ಹಿಡಿದುಕೊಂಡು ನಕ್ಕರು, ಅದೊಂದು ಮಾತ್ರ ಶ್ರುತಿ ತಪ್ಪಲಿಲ್ಲ.

ಈ ಸಲ ಮಹಾದೇವ ಲ್ಯಾಪ್‌ಟಾಪಿನಿಂದ ಮಾವನ ಟ್ರ್ಯಾಕನ್ನು ಎಡದಿಂದಲೂ ಮೇಳದ್ದನ್ನು ಬಲದಿಂದಲೂ ಮಿಕ್ಸರಿಗೆ ತಿರುಗಿ ತಂದು ಹಚ್ಚಿದ. ಮಾವ ತಮ್ಮ ಧ್ವನಿಯನ್ನು ಏರಿಳಿಸುವ ಗುಂಡಿಯ ಮೇಲೆ ತಾವೇ ಬೆರಳಿಟ್ಟು ಮೆಲ್ಲಮೆಲ್ಲಗೆ ಕೆಳಗೆ ಎಳೆಯುತ್ತ ಹೋದರು. ಮೇಳ ತಿಳಿಯಾಗಿ ಎದ್ದಿತು. ಪೂರ್ತಿ ಮುಚ್ಚುವುದಕ್ಕೆ ಕೂದಲೆಳೆಯಷ್ಟು ಮೊದಲು ಬೆರಳನ್ನು ತೆಗೆದರು.

"ಇಷ್ಟಿರಲಿ. ಶಿವಗ ಕೇಳಿದ್ರ ಸಾಕು."

ಮರುದಿನ ಬೆಳಗಿನ ಜಾವ ಹಾರ್ನಿನಿಂದ ಪದ ಹೊರಟು ಮನೆಮನೆಯ ಮೇಲೆ ಇಬ್ಬನಿಯಂತೆ ಇಳಿಯಿತು. ಆಕಳು ಮೆಲುಕು ಹಾಕುತ್ತ ಮಲಗಿಯೇ ಇತ್ತು. ಮಹಾಂತಪ್ಪ ಗುಡಿಯ ಮುಂದೆ ನಿಂತು, ಒಪ್ಪಿತು ಎಂಬಂತೆ ಮಹಾದೇವನ ಬೆನ್ನು ತಟ್ಟಿದ.

ಆಗ ಕಟ್ಟೆಯ ಮೇಲಿನಿಂದ ಎರಡನೆಯ ಚರಣ ಎದ್ದಿತು. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಬಂದ ಮಡಿವಾಳೆಪ್ಪನವರು ಹಾರ್ನಿನ ಜೊತೆಗೆ ಕೊರಳೆತ್ತಿ ಹಾಡುತ್ತಿದ್ದರು. ರೆಕಾರ್ಡಿನಲ್ಲಿ ಹೇಗೂ ಬಹಳ ಸಣ್ಣಗೆ ಕೇಳುತ್ತೇನಲ್ಲ, ದೇವರಿಗೆ ಬಾಕಿ ಉಳಿಯಬಾರದು ಎಂದು ಅವರ ಲೆಕ್ಕ. ಓಣಿಯ ಆಚೆ ಹಗ್ಗ ಹರಿದ ಸದ್ದಾಯಿತು.

"ಮಾದೇವ," ಎಂದ ಮಹಾಂತಪ್ಪ, ಆಕಳ ಹಿಂದೆ ಓಡುತ್ತಲೇ, "ಇವರ ನಾಬ್ ಎಲ್ಲೈತೋ?"

ಮಹಾದೇವ ಮಾವನನ್ನು ನೋಡಿದ. ಅವರು ಬಸವಣ್ಣನ ಕಡೆ ಮುಖ ಮಾಡಿ, ನೆಟ್ಟಗೆ ಕುಳಿತಿದ್ದರು.

"ಅತ್ಯಾರು ಆಗಲೇ ತಿರುವಿ ಇಟ್ಟಾರ್ರಿ ಕಾಕಾ," ಎಂದು ಕೈಮುಗಿದ.