ಅಳಿಸಿದ ನಕ್ಷೆ

ಮುಂದಿನ ಟರ್ಮ್‌ನಲ್ಲಿ ಯಾರನ್ನು ಫೀಲ್ಡಿಗೆ ಕಳಿಸಬೇಕು, ಯಾರನ್ನು ಲೈಬ್ರರಿಯಲ್ಲಿ ಕೂರಿಸಿ ವರದಿ ಬರೆಸಬೇಕು ಎಂದು ನಮಗೆ ಪಾಠ ಹೇಳುವ ಮೇಡಂ ಅವತ್ತು ತೀರ್ಮಾನಿಸುವವರಿದ್ದರು. ನನಗೆ ಫೀಲ್ಡೇ ಬೇಕಿತ್ತು. ಗಂಡ ತೀರಿಕೊಂಡ ಮೇಲೆ ನಾನು ಏನನ್ನಾದರೂ ಬೇಕು ಅಂದುಕೊಂಡದ್ದು ಅದೇ ಮೊದಲು. ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅಭಿವೃದ್ಧಿ ಅಧ್ಯಯನ ಓದಲು ಈ ದೇಶಕ್ಕೆ ಬಂದ ಕನ್ನಡದವರು ನಾವಿಬ್ಬರೇ. ನಾನು, ನನಗಿಂತ ಚಿಕ್ಕವಳಾದ ರೇಡಿಯೋ. ಬಾಯಿ ಮುಚ್ಚಿದರೆ ಉಸಿರು ಕಟ್ಟೀತೇನೋ ಎಂಬಂತೆ ಮಾತಾಡುತ್ತಾಳೆಂದು ಆ ಹೆಸರು ಇಟ್ಟವಳು ನಾನೇ.

"ಅಕ್ಕಾ, ಇವತ್ತಾದ್ರೂ ಸ್ವಲ್ಪ ಬಾಯಿ ಬಿಡಿ. ಇಲ್ಲಾಂದ್ರೆ ಮೇಡಂ ಕುರ್ಚಿ ಅಂದ್ಕೊಂಡು ನಿಮ್ಮ ಮೇಲೇ ಕೂತುಬಿಡ್ತಾರೆ" ಎಂದಳು ಬಸ್ಸಿನಲ್ಲಿ.

"ನೀನು ಸ್ವಲ್ಪ ಮುಚ್ಚು. ಆ ಜನಕ್ಕೂ ಒಂದೆರಡು ಮಾತು ಉಳಿಸು."

ಇಬ್ಬರೂ ನಕ್ಕೆವು.

ನಾವು ಹೊರಟಿದ್ದ ಬಡಾವಣೆಯಲ್ಲಿ ಮಳೆ ಬಂದರೆ ನೀರು ಮನೆಯೊಳಗೆ ನುಗ್ಗುತ್ತಿತ್ತು. ಚರಂಡಿ ಎಲ್ಲಿ ತೋಡಬೇಕೆಂದು ಗೊತ್ತುಮಾಡುವ ಮೊದಲು ಅಲ್ಲಿಯವರೇ ತಮ್ಮ ಬೀದಿಗಳ ನಕ್ಷೆ ಬರೆಯಬೇಕು. ಸಭೆಯ ಕೋಣೆಯ ಸಿಮೆಂಟು ನೆಲವೇ ಕಾಗದ. ಸೀಮೆಸುಣ್ಣ ಅವರ ಕೈಯಲ್ಲಿರಬೇಕು, ನಮ್ಮ ಕೈಯಲ್ಲಲ್ಲ. ಇದನ್ನು ಕ್ಲಾಸಿನಲ್ಲಿ ಬೇಸರ ಬರುವಷ್ಟು ಅಭ್ಯಾಸ ಮಾಡಿದ್ದೆವು.

ಆದರೂ ತಪ್ಪಿದೆವು. ಜನ ಬಂದು ಕೂತರು, ಯಾರೂ ಸೀಮೆಸುಣ್ಣ ಮುಟ್ಟಲಿಲ್ಲ. ಬಾಗಿಲ ಬಳಿ ಮೇಡಂ ನಿಂತಿದ್ದರು.

"ದೊಡ್ಡ ರಸ್ತೆ ಒಂದನ್ನ ನಾವೇ ಎಳೆದುಬಿಡೋಣ ಅಕ್ಕಾ, ಅವರಿಗೆ ಧೈರ್ಯ ಬರುತ್ತೆ" ಎಂದು ರೇಡಿಯೋ ಪಿಸುಗುಟ್ಟಿದಳು. ನಾನು ಹೂಂ ಎಂದೆ. ಅವಳು ರಸ್ತೆ ಎಳೆದಳು. ಅದಕ್ಕೊಂದು ಅಡ್ಡರಸ್ತೆ ಬೇಕಾಯಿತು. ಶಾಲೆ ಎಲ್ಲಿ ಎಂದು ನಾನು ತೋರಿಸಿದೆ. ನೋಡನೋಡುತ್ತಲೇ ಇಡೀ ಬಡಾವಣೆ ನೆಲದ ಮೇಲೆ ಚೆಂದಗೆ ಮಲಗಿತ್ತು.

"ಸರಿಯಾಗಿದೆಯಾ?" ರೇಡಿಯೋ ಅವರ ಭಾಷೆಯಲ್ಲಿ ತೊದಲಿದಳು.

ಎಲ್ಲರೂ ತಲೆಯಾಡಿಸಿದರು. ನೀರು ಇಲ್ಲಿ ನಿಲ್ಲುತ್ತದಾ? ತಲೆಯಾಡಿಸಿದರು. ಅಲ್ಲಿ? ಅದಕ್ಕೂ.

ಆ ತಲೆಯಾಡಿಸುವಿಕೆ ನನಗೆ ಗೊತ್ತಿತ್ತು. ಗಂಡನ ತಿಥಿ ಮುಗಿದ ಮೇಲೆ ಎಲ್ಲರೂ ಸೇರಿ ನನ್ನ ಮುಂದಿನ ಬದುಕನ್ನು ತೀರ್ಮಾನಿಸುವಾಗ ನಾನೂ ಹೀಗೇ ಆಡಿಸಿದ್ದೆ.

ಮೂಲೆಯಲ್ಲಿ ಬಕೆಟ್ಟು, ಒರೆಸುವ ಬಟ್ಟೆ ಇತ್ತು. ಎದ್ದು ತಂದೆ. ಮೊಣಕಾಲೂರಿ ಒರೆಸತೊಡಗಿದೆ.

"ಅಯ್ಯೋ ಅಕ್ಕಾ, ಮೇಡಂ ನೋಡ್ತಿದಾರೆ!"

"ನೋಡ್ಲಿ ಬಿಡೇ."

ಲೈಬ್ರರಿಯೇ ಗತಿ ಅನ್ನಿಸಿತು. ಆದರೂ ಕೈ ನಿಲ್ಲಲಿಲ್ಲ. ರಸ್ತೆ ಹೋಯಿತು, ಶಾಲೆ ಹೋಯಿತು. ಸೀಮೆಸುಣ್ಣವನ್ನು ಒದ್ದೆ ನೆಲದ ನಡುವೆ ಇಟ್ಟು, ಹಿಂದೆ ಹೋಗಿ ಗೋಡೆಗೊರಗಿ ಕೂತೆ. ರೇಡಿಯೋ ಮತ್ತೆ ಬಾಯಿ ತೆರೆದಳು. ಅವಳ ತೊಡೆ ಚಿವುಟಿದೆ.

ನೆಲ ಆರುತ್ತಾ ಬಂತು. ಯಾರೋ ಕೆಮ್ಮಿದರು. ಆಮೇಲೆ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡಿದ್ದ ದರ್ಜಿ ಹೆಂಗಸೊಬ್ಬಳು ಎದ್ದು ಬಂದು ಒಂದು ಗೆರೆ ಎಳೆದಳು.

ಅವಳ ಪಕ್ಕದ ಅಂಗಡಿಯ ಸೈಕಲ್ ರಿಪೇರಿಯವನು ಕೂತಲ್ಲಿಂದಲೇ ಕೂಗಿದ. "ಏನಮ್ಮಾ, ನಿನ್ನ ಮನೆ ಮುಂದೆ ಅಷ್ಟಗಲ ರಸ್ತೆ ಯಾವಾಗಾಯ್ತು? ಕನಸಿನಲ್ಲಾ?"

"ನೀನು ಅಂಗಡಿ ಮುಂದಕ್ಕೆ ಎಳೆಯೋಕೆ ಮುಂಚೆ ಇತ್ತಲ್ಲಪ್ಪಾ!"

ಕೋಣೆ ಭೋರೆಂದು ನಕ್ಕಿತು. ಅವನು ಎದ್ದು ಬಂದು ಅವಳ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು ತನ್ನ ಗೆರೆ ಎಳೆದ. ಅವನ ಹೆಂಡತಿ ಬಂದು ಅವನ ಗೆರೆ ಅಳಿಸಿದಳು. ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಜಗಳ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇನ್ನೂ ದೊಡ್ಡ ಜಗಳ. ನನಗೆ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಆದರೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಮೇಡಂ ಹತ್ತಿರ ಬಂದು, ತಾವೇ ಕಂಡಿದ್ದನ್ನೂ ಕೇಳಿದರು.

"ಮೊದಲನೇ ನಕ್ಷೆ ಬರೆದದ್ದು ಯಾರು?"

"ನಾವಿಬ್ಬರೂ ಮೇಡಂ."

"ಅಳಿಸು ಅಂತ ಹೇಳಿದ್ದು?"

"ಯಾರೂ ಹೇಳಲಿಲ್ಲ."

ಅವರು ನೆಲದ ಮೇಲೆ ನಡೆಯುತ್ತಿದ್ದ ಜಗಳವನ್ನು ಸ್ವಲ್ಪ ಹೊತ್ತು ನೋಡಿದರು. "ಸೋಮವಾರ ಟರ್ಮ್ ಶುರು, ಇಲ್ಲಿಗೇ ಬಾ. ಲೈಬ್ರರಿಗೆ ಬೇರೆ ಯಾರಾದ್ರೂ ಸಿಗ್ತಾರೆ."

"ನಾನು ಮೇಡಂ?" ರೇಡಿಯೋ ಅಳುವ ಹಾಗಿದ್ದಳು.

"ನೀನೂ ಬಾ. ಕೇಳಿಸಿಕೊಳ್ಳೋಕೆ."

ಅಷ್ಟರಲ್ಲಿ ದರ್ಜಿ ಹೆಂಗಸು ನನ್ನ ಕೈ ಹಿಡಿದೆಳೆದಳು. ನೀರು ಕಟ್ಟಿಕೊಳ್ಳುವ ಜಾಗವನ್ನು ಈಗಲೇ ಕಣ್ಣಾರೆ ನೋಡಬೇಕಂತೆ, ಸೈಕಲ್ಲಿನವನು ಹೇಳಿದ್ದು ಶುದ್ಧ ಸುಳ್ಳಂತೆ. ಚಪ್ಪಲಿ ಮೆಟ್ಟಲೂ ಬಿಡಲಿಲ್ಲ. ಹಿಂದೆ ಇಡೀ ಸಭೆ ಕೂಗಾಡುತ್ತಾ ಬಂತು. ನಾನು ಬರಿಗಾಲಲ್ಲಿ, ಕೆಸರಲ್ಲಿ, ಅವಳಿಗಿಂತ ಮುಂದೆ ಓಡುತ್ತಿದ್ದೆ.